ಚಿಲ್ಲರೆ ಲೆಕ್ಕದಿಂದ ತಿಂಗಳ ಎಸ್‌ಐಪಿವರೆಗೆ: ಆಟೋಪೇ ಉಳಿತಾಯ ಕಟ್ಟುವ ಕೆಲಸದ ಟಿಪ್ಪಣಿ

ಷೇರುಪೇಟೆ ನಿಯಂತ್ರಕ ಸೆಬಿಯಲ್ಲಿ ನೋಂದಾಯಿತ ಬ್ರೋಕರ್ ಸಂಸ್ಥೆಯ ಆ್ಯಪ್‌ನಲ್ಲಿ ಸ್ವಯಂಚಾಲಿತ ಉಳಿತಾಯದ ಸೌಲಭ್ಯವೊಂದನ್ನು ಕಟ್ಟಬೇಕು. ಗ್ರಾಹಕರು ಒಂದು ಸಲ ಒಪ್ಪಿಗೆ ಕೊಟ್ಟರೆ ಸಾಕು, ತಿಂಗಳು ತಿಂಗಳೂ ಅವರ ಖಾತೆಯಿಂದ ಒಂದು ಮೊತ್ತ ತಾನಾಗಿ ಲಿಕ್ವಿಡ್ ಫಂಡ್‌ಗೆ (ಅಲ್ಪಾವಧಿಯ ಸಾಲಪತ್ರಗಳಲ್ಲಿ ಹಣ ಹೂಡುವ ಮ್ಯೂಚುಯಲ್ ಫಂಡ್) ಹೋಗಬೇಕು. ವರ್ಷಕ್ಕೊಮ್ಮೆ ಆ ಮೊತ್ತ ಸ್ವಲ್ಪ ಏರಬೇಕು. ಬೇಕೆಂದಾಗ ನಿಲ್ಲಿಸುವಂತಿರಬೇಕು, ಹಣವನ್ನು ವಾಪಸ್ ತೆಗೆಯುವಂತಿರಬೇಕು.

ಇಂಥ ಸೌಲಭ್ಯ ಎಂದ ಕೂಡಲೇ ಎಲ್ಲರ ತಲೆಗೂ ಮೊದಲು ಬರುವುದು ‘ರೌಂಡ್-ಅಪ್’. ₹65 ಕೊಟ್ಟರೆ ₹70 ಎಂದು ಎಣಿಸಿ ಮೇಲಿನ ₹5 ಉಳಿತಾಯಕ್ಕೆ ಹಾಕುವುದು. ಅಮೆರಿಕದಲ್ಲಿ ಬ್ಯಾಂಕ್ ಆಫ್ ಅಮೆರಿಕ 2005ರಲ್ಲೇ ಇದನ್ನು ಡೆಬಿಟ್ ಕಾರ್ಡ್‌ಗೆ ಜೋಡಿಸಿತ್ತು. ಅಲ್ಲಿ ಖರ್ಚಿನ ಖಾತೆ, ಉಳಿತಾಯ ಖಾತೆ ಎರಡೂ ಒಂದೇ ಬ್ಯಾಂಕಿನವು, ಹಾಗಾಗಿ ಹಣ ಸರಿಸುವುದು ಪುಸ್ತಕದಲ್ಲಿ ಒಂದು ನಮೂದು ಅಷ್ಟೇ. ನಮ್ಮಲ್ಲಿ ಬ್ಯಾಂಕಿನಿಂದ ಮ್ಯೂಚುಯಲ್ ಫಂಡ್‌ಗೆ ಹೋಗುವ ಪ್ರತಿ ರೂಪಾಯಿಯೂ ಯುಪಿಐ, ವಹಿವಾಟಿನ ಹಣ ತಲುಪಿಸುವ ಕ್ಲಿಯರಿಂಗ್ ಕಾರ್ಪೊರೇಷನ್, ಫಂಡಿನ ಲೆಕ್ಕ ಇಡುವ ರಿಜಿಸ್ಟ್ರಾರ್ ಎಂಬ ಮೂರು ಬಾಗಿಲು ದಾಟಬೇಕು. ಆದ್ದರಿಂದ ಈ ವಿನ್ಯಾಸದ ತಿರುಳು ಹೀಗಿದೆ: ರೌಂಡ್-ಅಪ್ ಲೆಕ್ಕ ಎಷ್ಟು ಉಳಿಸಬಹುದು ಎಂಬುದನ್ನು ಅಳೆಯಲಿ, ಹಣ ಕಡಿತ ಮಾತ್ರ ತಿಂಗಳಿಗೊಮ್ಮೆ, ಸಂಬಳದ ಬೆನ್ನಿಗೇ ಆಗಲಿ.

ಐದೈದು ರೂಪಾಯಿ ಏಕೆ ಕಡಿತ ಮಾಡಬಾರದು

ಮೊದಲನೆಯದು, ಚಿಲ್ಲರೆಯನ್ನು ನಮ್ಮ ಖಾತೆಯಲ್ಲಿ ಕೂಡಿಟ್ಟು ಆಮೇಲೆ ಒಟ್ಟಿಗೆ ಹೂಡುವ ದಾರಿ ಮುಚ್ಚಿದೆ. ಗ್ರಾಹಕರ ಹಣವನ್ನು ಮಧ್ಯವರ್ತಿ ತನ್ನ ಖಾತೆಯಲ್ಲಿ ಸೇರಿಸಿಟ್ಟುಕೊಂಡು ಮ್ಯೂಚುಯಲ್ ಫಂಡ್‌ಗೆ ಕಳಿಸುವುದನ್ನು ಸೆಬಿ 2022ರ ಜುಲೈ 1ರಿಂದ ನಿಲ್ಲಿಸಿದೆ. ಹೂಡಿಕೆದಾರರ ಸ್ವಂತ ಬ್ಯಾಂಕ್ ಖಾತೆಯಿಂದಲೇ ಹಣ ನೇರವಾಗಿ ಹೋಗಬೇಕು.

ಎರಡನೆಯದು ಒಪ್ಪಿಗೆ. ಫಂಡಿನ ಆನ್‌ಲೈನ್ ಖರೀದಿಗೆ ಎರಡು ಹಂತದ ದೃಢೀಕರಣ ಬೇಕು. ಎಸ್‌ಐಪಿಯಂಥ, ಅಂದರೆ ಗೊತ್ತಾದ ದಿನಕ್ಕೆ ಕಂತಿನಲ್ಲಿ ಹೋಗುವ, ವ್ಯವಸ್ಥಿತ ಹೂಡಿಕೆಗೆ ನೋಂದಣಿಯ ಹೊತ್ತಿನಲ್ಲಿ ಮಾತ್ರ ಕೇಳಿದರೆ ಸಾಕು. ವಾರವಾರವೂ ಬೇರೆ ಬೇರೆ ಮೊತ್ತದ ಬಿಡಿ ಖರೀದಿ ಮಾಡಿಸಲು ಹೊರಟರೆ ಪ್ರತಿ ಸಲವೂ ಒಟಿಪಿ ಕೇಳುವ ಸ್ಥಿತಿ ಬರುತ್ತದೆ. ಆಗ ‘ತಾನಾಗಿ’ ಎಂಬ ಮಾತಿಗೇ ಅರ್ಥ ಉಳಿಯುವುದಿಲ್ಲ.

ಮೂರನೆಯದು ಸಂದೇಶಗಳ ಮಳೆ. ಆಟೋಪೇಯಲ್ಲಿ (ಒಮ್ಮೆ ಕೊಟ್ಟ ಒಪ್ಪಿಗೆಯ ಮೇಲೆ ಯುಪಿಐ ಮೂಲಕ ಹಣ ತಾನಾಗಿ ಕಡಿತವಾಗುವ ವ್ಯವಸ್ಥೆ) ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಹೋಗಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಕಡಿತವಾದ ಮೇಲೆ ಬ್ಯಾಂಕಿನ ಎಸ್‌ಎಂಎಸ್ ಬೇರೆ. ದಿನಕ್ಕೆ ₹10 ಕಡಿತವಾದರೆ ತಿಂಗಳಿಗೆ ಅರವತ್ತು ಸಂದೇಶ. ₹300ಕ್ಕಾಗಿ ಅಷ್ಟು ಕಿರಿಕಿರಿ ಯಾರೂ ಸಹಿಸುವುದಿಲ್ಲ, ಮ್ಯಾಂಡೇಟ್ (ಕಡಿತಕ್ಕೆ ಕೊಟ್ಟ ಒಪ್ಪಿಗೆ) ರದ್ದು ಮಾಡುತ್ತಾರೆ.

ಎಲ್ಲಕ್ಕಿಂತ ದೊಡ್ಡದು ನಾಲ್ಕನೆಯದು. ದಿನದ, ವಾರದ, ತಿಂಗಳ ಎಸ್‌ಐಪಿ ಸತತವಾಗಿ 3 ಕಂತು ತಪ್ಪಿದರೆ ರದ್ದಾಗುತ್ತದೆ. ತಿಂಗಳ ಎಸ್‌ಐಪಿಗೆ 3 ಕಂತು ಎಂದರೆ ಮೂರು ತಿಂಗಳ ಅವಕಾಶ. ದಿನದ ಎಸ್‌ಐಪಿಗೆ ಅದು ಬರೀ ಮೂರು ದಿನ. ತಿಂಗಳ ಕೊನೆಯಲ್ಲಿ ಖಾತೆ ಮೂರು ದಿನ ಖಾಲಿ ಇರುವುದು ಎಷ್ಟೋ ಮನೆಗಳಲ್ಲಿ ಮಾಮೂಲು. ಯಾರಿಗೆ ಈ ಸೌಲಭ್ಯ ಹೆಚ್ಚು ಬೇಕೋ ಅವರ ಉಳಿತಾಯವೇ ಮೊದಲು ಸಾಯುತ್ತದೆ.

‘ಹಾಗಾದರೆ ಡಿಜಿಟಲ್ ಚಿನ್ನಕ್ಕೆ ಹಾಕೋಣ, ಅಲ್ಲಿ ಈ ನಿಯಮಗಳಿಲ್ಲ’ ಎಂಬ ಸಲಹೆ ಪ್ರತಿ ಸಭೆಯಲ್ಲೂ ಬರುತ್ತದೆ. ಕೊಳ್ಳುವಾಗಲೇ 3% ಜಿಎಸ್‌ಟಿ, ಮೇಲೆ ಕೊಳ್ಳುವ ಮತ್ತು ಮಾರುವ ದರದ ಅಂತರ. ಡಿಜಿಟಲ್ ಚಿನ್ನ ತನ್ನ ನಿಯಂತ್ರಣದ ಹೊರಗಿದೆ ಎಂದು ಸೆಬಿ 2025ರ ನವೆಂಬರ್‌ನಲ್ಲಿ ಸಾರ್ವಜನಿಕರಿಗೆ ಎಚ್ಚರಿಕೆಯನ್ನೂ ಕೊಟ್ಟಿದೆ. ನಾಳೆ ಬೇಕಾಗಬಹುದಾದ ಹಣ ಅಲ್ಲಿ ಕೂರಬಾರದು.

ಚಿಲ್ಲರೆ ಲೆಕ್ಕ

ಇದಕ್ಕೆ ಬೇಕಾದದ್ದು ಕಳೆದ 90 ದಿನದ ಖಾತೆ ವಿವರ. ಅಕೌಂಟ್ ಅಗ್ರಿಗೇಟರ್ (ಗ್ರಾಹಕರ ಒಪ್ಪಿಗೆಯ ಮೇಲೆ ಬ್ಯಾಂಕಿನಿಂದ ಖಾತೆ ವಿವರ ತಲುಪಿಸುವ ಸಂಸ್ಥೆ) ಮೂಲಕ ಒಪ್ಪಿಗೆ ಪಡೆದು ತರಿಸಿಕೊಳ್ಳಿ. ಯಾವುದಾದರೂ ಹಣಕಾಸು ನಿಯಂತ್ರಕರಲ್ಲಿ ನೋಂದಾಯಿತ ಸಂಸ್ಥೆ ಮಾತ್ರ ಈ ವಿವರ ಪಡೆಯಬಹುದು, ಬ್ರೋಕರ್ ಸಂಸ್ಥೆಗೆ ಆ ಅರ್ಹತೆ ಇದೆ. ಎಸ್‌ಎಂಎಸ್ ಓದುವ ಅನುಮತಿ ಕೇಳುವ ದಾರಿ ಬೇಡ. ಬ್ಯಾಂಕ್ ಒಂದು ಪದ ಬದಲಿಸಿದರೆ ಲೆಕ್ಕ ತಪ್ಪುತ್ತದೆ, ಮೇಲಾಗಿ ಮನೆಯವರ ಖಾಸಗಿ ಸಂದೇಶಗಳೂ ನಮ್ಮ ಕೈಗೆ ಬರುತ್ತವೆ. ನಮಗೆ ಬೇಡದ್ದನ್ನು ಕೇಳಲೇಬಾರದು.

ಲೆಕ್ಕವನ್ನು ಪೈಸೆಯಲ್ಲಿ, ಪೂರ್ಣಾಂಕವಾಗಿ ಇಡಿ. ರೂಪಾಯಿಯನ್ನು ದಶಮಾಂಶದಲ್ಲಿಟ್ಟರೆ ಕೂಡಿಸುವಾಗ ಒಂದೊಂದು ಪೈಸೆ ಕಳೆದುಹೋಗುತ್ತದೆ, ಆಮೇಲೆ ಹುಡುಕುವುದು ದೊಡ್ಡ ತಲೆನೋವು. ಪ್ರತಿ ಯುಪಿಐ ಪಾವತಿಗೂ 12 ಅಂಕಿಯ ಉಲ್ಲೇಖ ಸಂಖ್ಯೆ ಇರುತ್ತದೆ. ಖಾತೆ ವಿವರದ ಸಾಲಿನೊಳಗೆ ಅದನ್ನು ಹುಡುಕಿ, ನಕಲು ತಡೆಯುವ ಕೀಲಿಯಾಗಿ ಬಳಸಿ. ಬ್ಯಾಂಕಿನಿಂದ ಬ್ಯಾಂಕಿಗೆ ಆ ಸಾಲಿನ ಜೋಡಣೆ ಬೇರೆ. ಒಂದರಲ್ಲಿ ಹೆಸರು ಮೊದಲು, ಇನ್ನೊಂದರಲ್ಲಿ ಸಂಖ್ಯೆ ಮೊದಲು. ಸ್ಥಾನ ನಂಬಬೇಡಿ, 12 ಅಂಕಿಯ ಗುಂಪನ್ನೇ ನೋಡಿ. 10 ಅಂಕಿಯ ಮೊಬೈಲ್ ನಂಬರು ಪಕ್ಕದಲ್ಲೇ ಕೂತಿರುತ್ತದೆ, ಅದಕ್ಕೆ ದೇಶದ ಕೋಡ್ 91 ಸೇರಿದರೆ ಅದೂ 12 ಅಂಕಿಯೇ ಆಗುತ್ತದೆ. ಪಾವತಿ ವಿಳಾಸದ ‘@’ಗೆ ಅಂಟಿಕೊಂಡ ಅಂಕಿಗಳನ್ನು ಮೊದಲೇ ಕತ್ತರಿಸಿಬಿಡಿ.

ಲೆಕ್ಕಕ್ಕೆ ಸೇರದವು: ಸ್ವಂತ ಖಾತೆಗಳ ನಡುವಿನ ವರ್ಗಾವಣೆ, ಬಾಡಿಗೆ, ಸಾಲದ ಕಂತು, ವಾಪಸ್ ಬಂದ ಪಾವತಿ.

ಒಂದು ದಿನದ ಮಾದರಿ ನೋಡಿ. ಮಸಾಲೆ ದೋಸೆ ₹65, ತರಕಾರಿ ₹118, ಔಷಧಿ ₹243, ಆಟೋ ₹94, ಮೆಟ್ರೋ ಕಾರ್ಡ್ ರೀಚಾರ್ಜ್ ₹200, ಹಾಲು ಮೊಸರು ₹76. ಹತ್ತಕ್ಕೆ ಏರಿಸಿದರೆ ಸಿಗುವುದು ಕ್ರಮವಾಗಿ 5, 2, 7, 6, 0, 4. ಒಟ್ಟು ₹24. ಮೆಟ್ರೋದ ₹200 ಈಗಾಗಲೇ ಹತ್ತರ ಗುಣಕ, ಅದಕ್ಕೆ ಸೊನ್ನೆಯೇ ಸರಿ. ಕೆಲವರು ಇಲ್ಲಿ ₹10 ಸೇರಿಸುತ್ತಾರೆ. ಗ್ರಾಹಕರು ಕೈಯಲ್ಲಿ ಲೆಕ್ಕ ಹಾಕಿ ನೋಡಿದಾಗ ತಾಳೆಯಾಗದ ಆ ₹10 ಇಡೀ ಆ್ಯಪ್ ಮೇಲಿನ ನಂಬಿಕೆಯನ್ನೇ ಕೆಡಿಸುತ್ತದೆ.

ದಿನಕ್ಕೆ ₹24 ಎಂದರೆ ತಿಂಗಳಿಗೆ ₹720 ಎಂದು ಹಿಗ್ಗಬೇಡಿ. ಬೆಲೆಯ ಕೊನೆಯ ಅಂಕಿ 0ಯಿಂದ 9ರವರೆಗೆ ಸಮನಾಗಿ ಹರಡಿದ್ದರೆ ಪಾವತಿಗೆ ಸರಾಸರಿ ₹4.50 ಸಿಗುತ್ತಿತ್ತು. ಆದರೆ ನಮ್ಮ ಅಂಗಡಿಗಳಲ್ಲಿ ಬೆಲೆ ಮುಗಿಯುವುದು ಹೆಚ್ಚಾಗಿ 0 ಅಥವಾ 5ಕ್ಕೆ. ನೂರು ಪಾವತಿಯಲ್ಲಿ 50 ಸೊನ್ನೆಗೆ, 30 ಐದಕ್ಕೆ, ಉಳಿದ 20 ಬೇರೆ ಅಂಕಿಗಳಿಗೆ ಮುಗಿಯುತ್ತವೆ ಎಂದುಕೊಂಡರೆ, ಸಿಗುವುದು 0 + 150 + ಸುಮಾರು 100, ಅಂದರೆ ₹250. ಪಾವತಿಗೆ ₹2.50. ತಿಂಗಳಿಗೆ 60 ಪಾವತಿ ಮಾಡುವವರಿಗೆ ₹150. ರೌಂಡ್-ಅಪ್ ಒಂದನ್ನೇ ನೆಚ್ಚಿದರೆ ಆಪತ್ಕಾಲಕ್ಕೆ ಒದಗುವಷ್ಟು ಹಣ ಕೂಡುವುದೇ ಇಲ್ಲ. ಆದರೆ ‘ಇಷ್ಟು ಹೋದರೆ ಗೊತ್ತೂ ಆಗುವುದಿಲ್ಲ’ ಎಂದು ತೋರಿಸಲು ಈ ಸಂಖ್ಯೆ ಬಹಳ ಚೆನ್ನಾಗಿದೆ, ಏಕೆಂದರೆ ಅದು ಅವರದೇ ಖರ್ಚಿನಿಂದ ಬಂದದ್ದು.

ಮೊತ್ತ ಸೂಚಿಸುವ ಸೂತ್ರ

ಚಿಲ್ಲರೆ ಲೆಕ್ಕ ತಳಮಿತಿ. ಮೇಲ್ಮಿತಿಗೆ, ಕಳೆದ ಮೂರು ತಿಂಗಳಲ್ಲಿ ಖಾತೆಯಲ್ಲಿ ಅತಿ ಕಡಿಮೆ ಹಣವಿದ್ದ ದಿನವನ್ನು ಹುಡುಕಿ. ಆ ದಿನದ ಬಾಕಿಯ ಮೂರನೇ ಒಂದು ಭಾಗ ದಾಟಿ ಸೂಚಿಸಬಾರದು. ಅತಿ ಕಡಿಮೆ ಬಾಕಿ ₹1,240 ಆಗಿದ್ದರೆ ಮೇಲ್ಮಿತಿ ₹413, ಅದನ್ನು ನೂರಕ್ಕೆ ಇಳಿಸಿ ₹400. ಚಿಲ್ಲರೆ ₹150ರ ಎರಡರಷ್ಟು ₹300, ಇದು ಮಿತಿಯೊಳಗಿದೆ. ಪರದೆಯಲ್ಲಿ ₹300 ಮೊದಲೇ ತುಂಬಿರಲಿ, ಪಕ್ಕದಲ್ಲಿ ₹150 ಮತ್ತು ₹400 ಇರಲಿ. ಬಾಕಿ ₹300ಕ್ಕಿಂತ ಕೆಳಗಿಳಿದ ದಿನವಿದ್ದರೆ ಮೊತ್ತ ಸೂಚಿಸಲೇಬೇಡಿ. ‘ಈಗ ಬೇಡ, ಮೂರು ತಿಂಗಳ ನಂತರ ನೋಡೋಣ’ ಎಂದು ಹೇಳುವ ಪರದೆಯನ್ನೂ ವಿನ್ಯಾಸ ಮಾಡಿ. ಹೆಚ್ಚಿನ ತಂಡಗಳು ಈ ಪರದೆಯನ್ನೇ ಮಾಡುವುದಿಲ್ಲ, ಅದಿಲ್ಲದೆ ಸೌಲಭ್ಯ ಅರ್ಧವೇ.

ಸಂಬಳದ ಶೇಕಡಾ ಇಷ್ಟು ಎಂಬ ಸೂತ್ರಕ್ಕಿಂತ ಇದು ಒಳ್ಳೆಯದು. ಸಂಬಳ ₹40,000 ಇದ್ದರೂ ಕಂತು, ಬಾಡಿಗೆ ಕಳೆದು ಉಳಿಯುವುದೇನು ಎಂಬುದು ಬಾಕಿಯಲ್ಲೇ ಕಾಣುವುದು.

ಏರಿಕೆಯ ವಿಷಯಕ್ಕೆ ಬಂದರೆ, ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ 2004ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಈ ಕೆಲಸಕ್ಕಿಳಿದವರೆಲ್ಲ ಓದಿರಬೇಕು. ಮುಂದಿನ ಸಂಬಳ ಏರಿಕೆಯ ಹೊತ್ತಿಗೆ ಉಳಿತಾಯ ಏರಿಸಲು ಇಂದೇ ಒಪ್ಪಿಗೆ ಪಡೆದ ಅಮೆರಿಕದ ಕಂಪನಿಯೊಂದರಲ್ಲಿ, 40 ತಿಂಗಳಲ್ಲಿ ಒಪ್ಪಿದವರ ಉಳಿತಾಯ ಸಂಬಳದ 3.5%ರಿಂದ 13.6%ಕ್ಕೆ ಏರಿತು. ಇಂದಿನ ಕೈಗೆ ಬರುವ ಹಣ ಕಡಿಮೆಯಾಗದಿರುವುದೇ ಅದರ ಗುಟ್ಟು. ನಮ್ಮ ಆ್ಯಪ್‌ನಲ್ಲಿ ಅದನ್ನು ಟಾಪ್-ಅಪ್ ಎಸ್‌ಐಪಿ (ಕಂತು ವರ್ಷಕ್ಕೊಮ್ಮೆ ಏರುವ ಎಸ್‌ಐಪಿ) ಎಂದು ನೋಂದಾಯಿಸಬಹುದು. ₹300ಕ್ಕೆ 10% ಎಂದರೆ ಬರೀ ₹30, ಹಲವು ಫಂಡ್‌ಗಳು ಅಷ್ಟು ಸಣ್ಣ ಏರಿಕೆ ಒಪ್ಪುವುದಿಲ್ಲ. ವರ್ಷಕ್ಕೆ ₹100 ಎಂದಿಡಿ: 300, 400, 500, 600. ತಿಂಗಳನ್ನು ಗ್ರಾಹಕರನ್ನೇ ಕೇಳಿ. ಇನ್‌ಕ್ರಿಮೆಂಟ್ ಎಲ್ಲರಿಗೂ ಏಪ್ರಿಲ್‌ನಲ್ಲೇ ಬರುವುದಿಲ್ಲ.

ಟಾಪ್-ಅಪ್ ಪೆಟ್ಟಿಗೆಗೆ ಮೊದಲೇ ಟಿಕ್ ಹಾಕಿಡಬೇಡಿ. ಪ್ರತ್ಯೇಕ ಪ್ರಶ್ನೆಯಾಗಿ ಕೇಳಿ, ‘ಹೌದು’ ‘ಬೇಡ’ ಎರಡೂ ಒಂದೇ ಗಾತ್ರ, ಒಂದೇ ಬಣ್ಣ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಹೊರಡಿಸಿದ ಡಾರ್ಕ್ ಪ್ಯಾಟರ್ನ್ (ಬಳಕೆದಾರರನ್ನು ದಾರಿ ತಪ್ಪಿಸುವ ವಿನ್ಯಾಸ) ಮಾರ್ಗಸೂಚಿಯ 13 ಬಗೆಗಳ ಪಟ್ಟಿಯನ್ನು ಪರದೆ ಪರದೆಗೂ ತಾಳೆ ನೋಡಬೇಕು. ‘ಬೇಡ, ನನಗೆ ಭವಿಷ್ಯದ ಚಿಂತೆಯಿಲ್ಲ’ ಎಂಬಂಥ ನಾಚಿಸುವ ಬಟನ್ ಆ ಪಟ್ಟಿಯಲ್ಲೇ ಇದೆ.

ಮ್ಯಾಂಡೇಟ್

ಜನ ಬಿಟ್ಟುಹೋಗುವುದು ಹೆಚ್ಚಾಗಿ ಈ ಒಂದು ಪರದೆಯಲ್ಲೇ.

ಯುಪಿಐ ಮ್ಯಾಂಡೇಟ್‌ನಲ್ಲಿ ಮೊತ್ತದ ನಿಯಮ ಎರಡು ಬಗೆ, ನಿಖರ ಅಥವಾ ಗರಿಷ್ಠ. ನಿಖರ ₹300 ಎಂದಿಟ್ಟರೆ ಮುಂದಿನ ವರ್ಷ ₹400 ತೆಗೆಯಲಾಗದು, ಹೊಸ ಮ್ಯಾಂಡೇಟ್‌ಗೆ ಮತ್ತೆ ಪಿನ್ ಕೇಳಬೇಕು, ಆ ಹೊತ್ತಿಗೆ ಅರ್ಧ ಜನ ಕೈಬಿಟ್ಟಿರುತ್ತಾರೆ. ಗರಿಷ್ಠ ಎಂದಿಟ್ಟು ₹15,000 ತುಂಬಿದರೆ ಪಿನ್ ಹಾಕುವ ಪರದೆಯಲ್ಲಿ ₹15,000 ಎಂದೇ ಕಾಣುತ್ತದೆ. ₹300 ಎಂದು ಹೇಳಿ ಕರೆತಂದವರ ಮುಂದೆ ಆ ಸಂಖ್ಯೆ ಬಂದರೆ ಯಾರೇ ಆದರೂ ಹಿಂದೆ ಸರಿಯುತ್ತಾರೆ, ಸರಿಯಲೂ ಬೇಕು. ನಾಲ್ಕು ವರ್ಷದ ಏರಿಕೆ ₹600ಕ್ಕೆ ಮುಟ್ಟುತ್ತದೆ, ಆದ್ದರಿಂದ ಗರಿಷ್ಠ ₹1,000 ಇಡಿ. ಯುಪಿಐ ಆ್ಯಪ್‌ಗೆ ಕಳಿಸುವ ಮುನ್ನ ನಮ್ಮ ಪರದೆಯಲ್ಲಿ ಹೀಗೆ ಬರೆಯಿರಿ:

‘ಮುಂದಿನ ಪರದೆಯಲ್ಲಿ ₹1,000 ಎಂದು ಕಾಣುತ್ತದೆ. ಅದು ಮಿತಿ ಮಾತ್ರ. ಈ ವರ್ಷ ನಿಮ್ಮ ಖಾತೆಯಿಂದ ಹೋಗುವುದು ತಿಂಗಳಿಗೆ ₹300. ಹಣ ಪಡೆಯುವವರ ಹೆಸರು ಇಂಡಿಯನ್ ಕ್ಲಿಯರಿಂಗ್ ಕಾರ್ಪೊರೇಷನ್ ಎಂದಿರುತ್ತದೆ, ನಮ್ಮ ಹೆಸರಲ್ಲ. ನಿಮ್ಮ ಹಣ ನಮ್ಮ ಖಾತೆಗೆ ಬರುವುದಿಲ್ಲ.’

ಕೊನೆಯ ಎರಡು ವಾಕ್ಯ ಬಿಡಲೇಬೇಡಿ. ಮುಂಬೈ ಷೇರುಪೇಟೆಯ ಫಂಡ್ ವಹಿವಾಟು ವೇದಿಕೆಯಾದ ಬಿಎಸ್‌ಇ ಸ್ಟಾರ್ ಎಂಎಫ್ ಮೂಲಕ ಹೋದರೆ ಮ್ಯಾಂಡೇಟ್ ಆಗುವುದು ಅದರ ಕ್ಲಿಯರಿಂಗ್ ಕಾರ್ಪೊರೇಷನ್ ಹೆಸರಿಗೆ. ಆರು ತಿಂಗಳ ನಂತರ ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿಯಲ್ಲಿ ಪರಿಚಯವಿಲ್ಲದ ಹೆಸರು ಕಂಡು ‘ಇದ್ಯಾರಪ್ಪಾ’ ಎಂದು ರದ್ದು ಮಾಡುವವರು ಬಹಳ. ಪ್ರತಿ ತಿಂಗಳ ಸೂಚನೆಯಲ್ಲೂ ಆ ಹೆಸರನ್ನು ಒಂದು ಸಲ ಬರೆಯಿರಿ.

ಮ್ಯೂಚುಯಲ್ ಫಂಡ್‌ಗೆ ₹1,00,000ದವರೆಗಿನ ಆಟೋಪೇ ಕಡಿತಕ್ಕೆ ಪ್ರತಿ ಸಲ ಪಿನ್ ಬೇಡ, 2023ರ ಡಿಸೆಂಬರ್‌ನಲ್ಲಿ ಬಂದ ಸಡಿಲಿಕೆ ಇದು. ಸಾಮಾನ್ಯ ವರ್ಗಗಳಿಗೆ ₹15,000. ನಮ್ಮ ಮೊತ್ತ ಎರಡರ ಒಳಗೂ ಇದೆ.

ತಾರೀಖು, ಹೊತ್ತು

ಖಾತೆ ವಿವರದಲ್ಲಿ ಮೂರು ತಿಂಗಳ ಸಂಬಳ ಯಾವ ದಿನ ಜಮೆಯಾಗಿದೆ ನೋಡಿ. ಅತಿ ತಡವಾದ ದಿನದ ಮರುದಿನ ಕಡಿತ. 30, 1, 2 ಎಂದು ಬಂದಿದ್ದರೆ 3ನೇ ತಾರೀಖು. ಗಾರ್ಮೆಂಟ್ಸ್‌ನಲ್ಲಿ ದುಡಿಯುವವರಿಗೆ 7ರಿಂದ 10ರ ನಡುವೆ ಬರಬಹುದು, ಎಲ್ಲರಿಗೂ 5ನೇ ತಾರೀಖು ಎಂದು ಒಂದೇ ಅಚ್ಚು ಹೊಡೆದರೆ ಅವರ ಕಡಿತ ಪ್ರತಿ ತಿಂಗಳೂ ಬೌನ್ಸ್. ಡೇರಿಗೆ ಹಾಲು ಹಾಕುವ ಮನೆಗಳಿಗೆ ಬಟವಾಡೆ ವಾರಕ್ಕೋ ಹದಿನೈದು ದಿನಕ್ಕೋ ಆಗುತ್ತದೆ, ಅವರಿಗೆ ತಿಂಗಳ ಬದಲು ಹದಿನೈದು ದಿನದ ಆವರ್ತನ ಕೊಡಿ. 29, 30, 31 ಕೊಡಬೇಡಿ, ಫೆಬ್ರುವರಿಯಲ್ಲಿ ತೊಂದರೆ.

2025ರ ಆಗಸ್ಟ್ 1ರಿಂದ, ಯುಪಿಐ ನಡೆಸುವ ಎನ್‌ಪಿಸಿಐ ಆಟೋಪೇ ಕಡಿತಗಳನ್ನು ದಟ್ಟಣೆಯ ಹೊತ್ತಿನಿಂದ ಹೊರಗಿಟ್ಟಿದೆ. ಬೆಳಗ್ಗೆ 10ರ ಮೊದಲು, ಮಧ್ಯಾಹ್ನ 1ರಿಂದ 5, ರಾತ್ರಿ 9.30ರ ನಂತರ ಮಾತ್ರ. ಲಿಕ್ವಿಡ್ ಫಂಡ್‌ಗೆ ಹಿಂದಿನ ದಿನದ ಎನ್‌ಎವಿ (ಒಂದು ಯೂನಿಟ್‌ನ, ಅಂದರೆ ಫಂಡಿನ ಒಂದು ಪಾಲಿನ ಬೆಲೆ) ಸಿಗಬೇಕಾದರೆ ಹಣ ಮಧ್ಯಾಹ್ನ 1.30ರೊಳಗೆ ಫಂಡಿಗೆ ತಲುಪಿರಬೇಕು. ಎರಡನ್ನೂ ಸೇರಿಸಿ ನೋಡಿದರೆ ಬೆಳಗಿನ ಕಿಂಡಿ ಒಂದೇ ಉಳಿಯುತ್ತದೆ. ಹಿಂದಿನ ದಿನ ಬೆಳಗ್ಗೆ 8ಕ್ಕೆ ಸೂಚನೆ, ಮರುದಿನ 8.30ಕ್ಕೆ ಕಡಿತ. 24 ಗಂಟೆಯ ನಿಯಮವೂ ಪಾಲನೆಯಾಯಿತು, 9.30ಕ್ಕೆ ಒಂದು ಮರುಪ್ರಯತ್ನಕ್ಕೂ ಜಾಗ ಉಳಿಯಿತು. ರಜಾದಿನವಾದರೆ ಮುಂದಿನ ಕೆಲಸದ ದಿನಕ್ಕೆ ಸರಿಸಿ. ಯುಪಿಐಗೆ ರಜೆಯಿಲ್ಲ, ಹಣ ಹೋಗಿಬಿಡುತ್ತದೆ, ಯೂನಿಟ್ ಮಾತ್ರ ಬರುವುದಿಲ್ಲ. ಆ ನಡುವಿನ ದಿನಗಳಲ್ಲೇ ಸಹಾಯವಾಣಿಗೆ ಕರೆ ಹೆಚ್ಚು.

ಕಡಿತ ವಿಫಲವಾದಾಗ

ಎನ್‌ಪಿಸಿಐ ಕೊಡುವುದು ಒಂದು ಪ್ರಯತ್ನ, ಮೂರು ಮರುಪ್ರಯತ್ನ. ಯಾವ ಕೋಡ್ ಬಂದಿದೆ ನೋಡದೆ ಮೂರನ್ನೂ ಸುಡಬೇಡಿ. ಝೆಡ್9 ಬಂದರೆ ಖಾತೆಯಲ್ಲಿ ಹಣವಿಲ್ಲ ಎಂದರ್ಥ. ಒಂದು ಗಂಟೆ ಬಿಟ್ಟು ಕೇಳಿದರೂ ಇರುವುದಿಲ್ಲ, ಆ ದಿನ ಬಿಟ್ಟುಬಿಡಿ. ಬ್ಯಾಂಕಿನ ಸರ್ವರ್ ಸಿಗಲಿಲ್ಲ ಎಂಬ ಬಗೆಯ ಕೋಡ್‌ಗೆ 9.30ಕ್ಕೆ ಮತ್ತೆ ಪ್ರಯತ್ನಿಸಿ. ಯು30 ಎಂದರೆ ಕಡಿತ ವಿಫಲ ಎಂದಷ್ಟೇ, ಕಾರಣ ಅದರೊಳಗಿನ ಬ್ಯಾಂಕಿನ ಉಪಕೋಡ್‌ನಲ್ಲಿ ಇರುತ್ತದೆ. ಅದನ್ನೂ ಉಳಿಸಿಡಿ.

ಅತ್ಯಂತ ಅಪಾಯಕಾರಿ ಉತ್ತರ ‘ಪೆಂಡಿಂಗ್’, ಅಂದರೆ ಕಡಿತ ಆಯಿತೋ ಇಲ್ಲವೋ ಇನ್ನೂ ಗೊತ್ತಿಲ್ಲ. ಟೈಮ್‌ಔಟ್ ಆಯಿತೆಂದು ಹೊಸ ಉಲ್ಲೇಖ ಸಂಖ್ಯೆಯಿಂದ ಮತ್ತೆ ಕಳಿಸಿದರೆ ಎರಡು ಸಲ ಕಡಿತವಾಗುತ್ತದೆ. ಹಳೆಯ ಸಂಖ್ಯೆಯಿಂದಲೇ ಸ್ಥಿತಿ ವಿಚಾರಿಸಿ, ಸಂಜೆಯ ಲೆಕ್ಕತಾಳೆ ಕಡತ ಬರುವವರೆಗೂ ಹೊಸ ಕೋರಿಕೆಗೆ ಬೀಗ ಹಾಕಿ. ಡೇಟಾಬೇಸ್‌ನಲ್ಲಿ ‘ಮ್ಯಾಂಡೇಟ್ + ಕಂತಿನ ತಾರೀಖು’ ಜೋಡಿಗೆ ಒಂದೇ ಸಾಲು ಇರುವಂತೆ ನಿರ್ಬಂಧ ಹಾಕಿದರೆ ಕೋಡ್ ತಪ್ಪಿದರೂ ಹಣ ತಪ್ಪುವುದಿಲ್ಲ.

ವಿಫಲವಾಗುವುದಕ್ಕಿಂತ ಮೊದಲೇ ತಡೆಯುವುದು ಮೇಲು. ಒಪ್ಪಿಗೆ ಇದ್ದವರ ಬಾಕಿಯನ್ನು ಸೂಚನೆ ಕಳಿಸುವ ಮುನ್ನ ಒಮ್ಮೆ ನೋಡಿ. ಸಾಲದಿದ್ದರೆ ಆ ತಿಂಗಳು ನಾವೇ ಬಿಟ್ಟು, ‘ಈ ತಿಂಗಳು ತೆಗೆದಿಲ್ಲ, ಮುಂದಿನ ತಿಂಗಳು ಮಾಮೂಲಿನಂತೆ’ ಎಂದು ತಿಳಿಸಿ. ಬಿಟ್ಟ ಕಂತುಗಳ ಎಣಿಕೆ ಮಾತ್ರ ಕಣ್ಣಲ್ಲಿರಲಿ. ಸತತ ಎರಡು ತಪ್ಪಿದ್ದರೆ ಮೂರನೆಯದಕ್ಕೆ ಮೊದಲು ಮೊತ್ತ ಇಳಿಸುವ ಆಯ್ಕೆ ತೋರಿಸಿ.

ಯೂನಿಟ್, ವಾಪಸಾತಿ

₹300 ಕಡಿತವಾದ ಮೇಲೆ ಹೂಡಿಕೆ ಎಂದು ಕಾಣುವುದು ₹299.99 ಅಥವಾ ಅದರ ಆಸುಪಾಸು. ಫಂಡ್ ಖರೀದಿಗೆ 0.005% ಸ್ಟ್ಯಾಂಪ್ ಸುಂಕವಿದೆ, ₹1,000ಕ್ಕೆ 5 ಪೈಸೆ. ಆ ಪೈಸೆಯನ್ನು ಮರೆಮಾಚಬೇಡಿ, ಒಂದು ಸಾಲಿನಲ್ಲಿ ಬರೆದುಬಿಡಿ. ಲಿಕ್ವಿಡ್ ಫಂಡ್‌ನಿಂದ ಏಳು ದಿನದೊಳಗೆ ತೆಗೆದರೆ ನಿರ್ಗಮನ ಶುಲ್ಕವೂ ಉಂಟು. ಮೂರನೇ ದಿನಕ್ಕೆ 0.0060%, ಸಾವಿರಕ್ಕೆ 6 ಪೈಸೆ. ಶೇಕಡಾ ಬರೆದರೆ ಭಯವಾಗುತ್ತದೆ, ಪೈಸೆಯಲ್ಲಿ ಬರೆದರೆ ಅರ್ಥವಾಗುತ್ತದೆ.

ತಕ್ಷಣದ ವಾಪಸಾತಿ ಇರುವ ಫಂಡನ್ನೇ ಆರಿಸಿ. ಒಂದು ಯೋಜನೆಯಿಂದ ದಿನಕ್ಕೆ ₹50,000 ಅಥವಾ ಇರುವ ಮೊತ್ತದ 90%, ಯಾವುದು ಕಡಿಮೆಯೋ ಅಷ್ಟು ಸಿಗುತ್ತದೆ. ₹3,600 ಇದ್ದರೆ ತಕ್ಷಣಕ್ಕೆ ₹3,240. ಉಳಿದ ₹360 ಏಕೆ ಸಿಗಲಿಲ್ಲ ಎಂಬುದಕ್ಕೆ ಉತ್ತರ ಅದೇ ಪರದೆಯಲ್ಲಿರಲಿ. ‘ಖಚಿತ ಬಡ್ಡಿ’ ಎಂಬ ಪದ ಎಲ್ಲೂ ಬರಕೂಡದು, ಇದು ಠೇವಣಿಯಲ್ಲ. ಏರಿಳಿತವೇ ಬೇಡ ಎನ್ನುವವರಿಗೆ ಬ್ಯಾಂಕಿನ ಆರ್‌ಡಿ ತೋರಿಸಿ, ಅಲ್ಲಿ ₹5 ಲಕ್ಷದವರೆಗೆ ಠೇವಣಿ ವಿಮೆ ಇದೆ.

ನಿಲ್ಲಿಸುವ ಬಟನ್ ಮುಖ್ಯ ಪರದೆಯಿಂದ ಎರಡೇ ಒತ್ತಿಗೆ ಸಿಗಬೇಕು. ‘ಒಂದು ತಿಂಗಳು ಬಿಡಿ’, ‘ಮೊತ್ತ ಇಳಿಸಿ’, ‘ಪೂರ್ತಿ ನಿಲ್ಲಿಸಿ’ ಮೂರೂ ಒಂದೇ ಸಾಲಿನಲ್ಲಿ. ಎಸ್‌ಐಪಿ ರದ್ದತಿಯ ಕೋರಿಕೆ ಎರಡು ಕೆಲಸದ ದಿನದೊಳಗೆ ಜಾರಿಯಾಗಬೇಕು ಎಂಬ ನಿಯಮ 2024ರ ಡಿಸೆಂಬರ್ 1ರಿಂದ ಇದೆ. ಕಡಿತಕ್ಕೆ ಮುನ್ನಾದಿನ ರದ್ದು ಮಾಡಿದವರ ಹಣ ನಮ್ಮ ಕಡೆಯಿಂದಲೇ ಹೋಗದಂತೆ ಕಡಿತದ ಸಾಲಿಗೆ ಸೇರಿಸುವ ಕೊನೆಯ ಕ್ಷಣದಲ್ಲಿ ಇನ್ನೊಮ್ಮೆ ಸ್ಥಿತಿ ಓದಿ. ಯುಪಿಐ ಆ್ಯಪ್‌ನಲ್ಲೇ ಮ್ಯಾಂಡೇಟ್ ರದ್ದು ಮಾಡಿದವರಿಗೆ ‘ಏಕೆ ಬಿಟ್ಟಿರಿ’ ಎಂದು ಬೆನ್ನು ಹತ್ತುವ ಸಂದೇಶ ಬೇಡ. ಎಸ್‌ಐಪಿಯನ್ನೂ ಮುಚ್ಚಿ, ಇರುವ ಹಣ ಎಲ್ಲಿದೆ ಎಂದು ಒಂದು ಸಂದೇಶ ಕಳಿಸಿ.

ಅಳೆಯಬೇಕಾದ್ದು ಎಷ್ಟು ಜನ ನೋಂದಾಯಿಸಿದರು ಎಂಬುದನ್ನಲ್ಲ. 3, 6, 12ನೇ ತಿಂಗಳಲ್ಲಿ ಜೀವಂತವಾಗಿರುವ ಮ್ಯಾಂಡೇಟ್‌ಗಳ ಪಾಲು, ಝೆಡ್9 ಬಂದ ಕಡಿತಗಳ ಪಾಲು, ಹೂಡಿದ ವಾರದಲ್ಲೇ ವಾಪಸ್ ತೆಗೆದವರ ಪಾಲು, ಈ ಮೂರನ್ನು ಪ್ರತಿ ಸೋಮವಾರ ನೋಡಿ. ಮೂರನೆಯದು ಏರಿದರೆ ಮೇಲ್ಮಿತಿಯ ಸೂತ್ರ ಸಡಿಲವಾಗಿದೆ ಎಂದರ್ಥ, ಮೂರನೇ ಒಂದು ಭಾಗವನ್ನು ನಾಲ್ಕನೇ ಒಂದಕ್ಕೆ ಇಳಿಸಿ ಹೊಸಬರಿಗೆ ಮೊದಲು ಅನ್ವಯಿಸಿ.